ಸಾತ್ವಿಕ ಹುಳ

ನಮ್ಮ ಭಾವ ವ್ಯಾಸರಾಜರ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳು ಅಂದರೆ, ಅಕ್ಷರ ದುಂಡಗಿದೆ ಎಂದು ಹೇಳಬಲ್ಲೆ. ಅದರಾಚೆಗೆ ನನ್ನನ್ನು ಕೆಣಕಬೇಡಿ.

ಹುಟ್ಟಿದ್ದು ಧಾರವಾಡದ ಮಾಳಮಡ್ಡಿಯಲ್ಲಿ, ಹೊಟ್ಟೆಪಾಡು ಗೋವಾದ ಮಡಗಾಂವದ ಒಂದು ವಿಮಾ ಕಚೇರಿಯಲ್ಲಿ. ಮೀನಿನ ವಾಸನೆ ತಾಗಬಾರದೆಂದು ಮಾರ್ಕೆಟ್ಟಿನ ರಸ್ತೆ ಬಿಟ್ಟು ಅರ್ಧ ಊರು ಸುತ್ತಿ ಆಫೀಸಿಗೆ ಹೋಗುತ್ತಾರೆ, ತಡವಾದದ್ದಕ್ಕೆ ಟ್ರಾಫಿಕ್ಕಿಗೆ ಬೈಯುತ್ತಾರೆ. ಸುಮ್ಮನೆ ಕೂರುವ ಜನ್ಮವಲ್ಲ. ಮೊದಲು ಬೋನ್ಸಾಯ್ ಬೆಳೆಸಿದರು, ಒಣಗಿತು. ಆಮೇಲೆ ಜಾತಕ ನೋಡಲು ಕಲಿತು, ಪಕ್ಕದ ಫ್ಲ್ಯಾಟಿನ ಹುಡುಗಿಗೆ ಕಂಕಣಬಲವೇ ಇಲ್ಲವೆಂದರು. ಅವಳ ಮದುವೆ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕುಳಿತವರೂ ಅವರೇ. ಅದಾದ ಮೇಲೆ ಹತ್ತಿದ್ದು ಗೆಕ್ಕೊ ಸಾಕುವ ಹುಚ್ಚು.

ಗೆಕ್ಕೊ ಅಂದರೆ ಹಲ್ಲಿ. ಚಿರತೆಯಂಥ ಚುಕ್ಕೆ, ದಪ್ಪ ಬಾಲ, ವಿದೇಶಿ ತಳಿ ಎಂದು ಏನೇ ಬಣ್ಣಿಸಿದರೂ ಹಲ್ಲಿಯೇ. ಗೋಡೆಯ ಹಲ್ಲಿ ಹೆಗಲ ಮೇಲೆ ಬಿದ್ದರೆ ಪಂಚಾಂಗ ತೆರೆದು, ತಲೆಗೆ ನೀರು ಹಾಕಿಕೊಳ್ಳುವ ಮನುಷ್ಯ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆ ಇಟ್ಟು, ಗಂಡು ಹೆಣ್ಣಿನ ಜೋಡಿ ತಂದು ಮರಿ ಮಾಡಿಸಲು ಹೊರಟರು. ತತ್ತಿ ಇನ್ನೂ ಕಂಡಿರಲಿಲ್ಲ, ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಬ್ರೀಡರ್’ ಎಂದು ಅಚ್ಚಾಗಿತ್ತು. ಪೆಟ್ಟಿಗೆ ತೊಳೆಯುವುದು, ನೀರು ಬದಲಿಸುವುದು, ಬಿಸಿಗೆ ಇಟ್ಟ ದೀಪ ನೋಡಿಕೊಳ್ಳುವುದು ಮಾತ್ರ ನನ್ನ ಅಕ್ಕ ಮೃದುಲಾಳ ಪಾಲು.

ಈ ಪ್ರಾಣಿಗೆ ಜೀವಂತ ಹುಳವೇ ಬೇಕು. ಕಲಂಗುಟ್‌ನ ಅಂಗಡಿಯವನು ಜಿರಳೆ, ಜೀರುಂಡೆ, ಹಿಟ್ಟಿನ ಹುಳ ಮೂರರ ಫೋಟೊ ಕಳಿಸಿ, ಹೆಣ್ಣು ತತ್ತಿ ಕಟ್ಟುವಾಗ ಒಂದೇ ಹುಳಕ್ಕೆ ಅಂಟಿಕೊಳ್ಳಬೇಡಿ, ಜೀರುಂಡೆ ಹೆಚ್ಚು ಕೊಡಿ, ಯಾವುದನ್ನು ಕೊಟ್ಟರೂ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ ಎಂದು ತಿಳಿಸಿದ್ದ. ಒಂದು ಭಾನುವಾರ ನಾನು ಊಟಕ್ಕೆ ಹೋದಾಗ ಭಾವ ಇದೇ ವಿಷಯದ ಮೇಲೆ ಪ್ರವಚನ ನಡೆಸಿದ್ದರು.

“ಜಿರಳಿ ಮೋರ್‍ಯಾಗಿಂದು, ತಾಮಸ. ಜೀರುಂಡಿ ಒಂದಕ್ಕೊಂದು ಕಚ್ಚಾಡಿ ತಿಂತಾವ, ರಾಜಸ. ಹಿಟ್ಟಿನ ಹುಳಾ ನೋಡು, ಹುಟ್ಟೋದ ಗೋದಿ ತೌಡಿನ್ಯಾಗ. ಉಳ್ಳಾಗಡ್ಡಿ ಮುಟ್ಟಿಲ್ಲ, ಬಳ್ಳೊಳ್ಳಿ ಮುಟ್ಟಿಲ್ಲ. ಶುದ್ಧ ಸಾತ್ವಿಕ,” ಅಂದರು.

“ತಿನ್ನೋರು ನೀವಲ್ಲಲ್ಲ ಭಾವ,” ಅಂದೆ.

“ಮನ್ಯಾಗ ಏನು ಸಾಯ್ತದ ಅನ್ನೋದನ್ನೂ ನೋಡಬೇಕು ಆಶಿಷ್. ನಿನಗ ಇದೆಲ್ಲ ತಿಳಿಯಂಗಿಲ್ಲ.”

ಇಂಥ ತಲೆಯನ್ನು ನಂಬಿ ಮಡಗಾಂವದ ಜನ ಜೀವವಿಮೆ ಮಾಡಿಸುತ್ತಾರೆ. ಅಂದಿನಿಂದ ಎರಡೂ ಹಲ್ಲಿಗಳಿಗೆ ಹಿಟ್ಟಿನ ಹುಳವೇ ಗತಿಯಾಯಿತು. ಏಕಾದಶಿಗೆ ಅದೂ ಇಲ್ಲ.

ಹೆಣ್ಣಿಗೆ ಅಕ್ಕ ಚಿನ್ನಿ ಎಂದು ಹೆಸರಿಟ್ಟಿದ್ದಳು. ಮೊದಮೊದಲು ಪೆಟ್ಟಿಗೆಯ ಹತ್ತಿರ ಹೋಗಲೂ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ದಿನವೂ ಕೈಹಾಕಿ ತೊಳೆದು ತೊಳೆದು ಸಲಿಗೆ ಬೆಳೆದು, ಕೊನೆಗೆ ಅದು ಅವಳ ಅಂಗೈ ಹತ್ತಿ ಕಣ್ಣು ಮುಚ್ಚಿ ಮಲಗುವಂತಾಯಿತು. ಮಳೆ ಹಿಡಿಯುವ ಹೊತ್ತಿಗೆ ಚಿನ್ನಿಯ ಹೊಟ್ಟೆಯ ತೆಳುಚರ್ಮದೊಳಗೆ ಎರಡು ತತ್ತಿ ಬೆಳ್ಳಗೆ ಕಾಣಿಸಿಕೊಂಡವು. ಹೊರಗಿನಿಂದ ಕ್ಯಾಲ್ಸಿಯಂ ಸಿಗದಿದ್ದರೆ ತತ್ತಿ ಅದರ ಎಲುಬನ್ನೇ ಹೀರಿಬಿಡುತ್ತದೆ, ಹೆಣ್ಣು ಉಳಿಯುವುದಿಲ್ಲ ಎಂದು ಅಂಗಡಿಯವನು ಹೇಳಿದ್ದು ಅಕ್ಕನ ತಲೆಯಲ್ಲಿ ಕೊರೆಯುತ್ತಿತ್ತು. ಮತ್ತೊಂದು ಭಾನುವಾರ ನಾನು ಊಟಕ್ಕೆ ಹೋದಾಗ ನನ್ನ ಸ್ಕೂಟರಿನಲ್ಲೇ ಹೋಗಿ ಪುಡಿಯ ಡಬ್ಬಿ ತಂದಳು.

ಡಬ್ಬಿಯನ್ನು ಮೊದಲು ನೋಡಿದವರು ಯಮುನಾಬಾಯಿ, ಭಾವನ ತಾಯಿ. ಎಲೆ-ಅಡಿಕೆ ಮೆಲ್ಲುತ್ತ, ಕನ್ನಡಕ ಏರಿಸಿ, ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದರ ಮ್ಯಾಲೆ ಸಿಂಪಿ ಚಿತ್ರ ಯಾಕ ಅದ ಮೃದುಲಾ?”

“ಸಿಂಪಿ ಪುಡೀನ ಅದು ಅತ್ಯಾ. ಚಿನ್ನಿಗೆ ಬೇಕಂತ.”

“ಸಮುದ್ರದ ಚಿಪ್ಪಿನ ಹೊಲಸು ನನ್ನ ಮನ್ಯಾಗ? ವ್ಯಾಸಾ, ಇಲ್ಲಿ ಬಾ.”

ಭಾವ ಬಂದರು. ಕೈಯ ಬಟ್ಟಲಿನಲ್ಲಿ ಹುಳಗಳು ಮಿಜಿಮಿಜಿ ಹರಿದಾಡುತ್ತಿದ್ದವು. ಆ ಬಟ್ಟಲು ಹಿಡಿದುಕೊಂಡೇ, “ಅವ್ವ ಹೇಳೋದು ಖರೇ ಅದ. ಮನಿ ಅಂದಮ್ಯಾಲೆ ಒಂದು ರೀತಿ ಅದ,” ಅಂದರು.

“ಅಲ್ರೀ, ಅದು ಜೀವಂತ ಹುಳಾ ತಿನ್ಲಿಕ್ಹತ್ತೇದ ಇದ ಮನ್ಯಾಗ,” ಅಂದಳು ಅಕ್ಕ.

“ಅದು ಅದರ ಧರ್ಮ.”

ಡಬ್ಬಿ ಬಾಲ್ಕನಿಗೆ ಹೋಯಿತು. ಭಾವನ ಮುಖ ನೋಡಲಾಗದೆ ನಾನು ಊಟ ಬಿಟ್ಟು ಫಾತೋರ್ಡಾದ ನನ್ನ ಖೋಲಿಗೆ ಬಂದುಬಿಟ್ಟೆ.

ಮುಂದಿನದು ನಮಗೆ ತಿಳಿದದ್ದು ತಡವಾಗಿ. ಯಮುನಾಬಾಯಿ ಬಸುರಿದ್ದಾಗ ಎಲುಬು ಗಟ್ಟಿಯಾಗಲೆಂದು ದಿನಾ ಮಜ್ಜಿಗೆಯಲ್ಲಿ ಸಾಸಿವೆ ಕಾಳಿನಷ್ಟು ಸುಣ್ಣ ಕದಡಿ ಕುಡಿಯುತ್ತಿದ್ದರಂತೆ. ಅವರ ಕಡೆ ಎಲ್ಲ ಬಸುರಿಯರಿಗೂ ಅದೇ. ಅದನ್ನು ನೆನೆದು ಮಗನಿಗೆ ತಮ್ಮ ಎಲೆಯ ತಬಕಿನಿಂದ ಸುಣ್ಣದ ಡಬ್ಬಿ ಕೊಟ್ಟರು. ಅಕ್ಕ ಸ್ನಾನಕ್ಕೆ ಹೋದಾಗ ಭಾವ ಹುಳಗಳನ್ನು ಹಸಿ ಸುಣ್ಣದಲ್ಲಿ ಹೊರಳಿಸಿ ಚಿನ್ನಿಗೆ ತಿನ್ನಿಸಿದರು. ಮಜ್ಜಿಗೆ ಇಲ್ಲ, ಸಾಸಿವೆಯ ಅಳತೆಯೂ ಇಲ್ಲ. ಎಲೆಗೆ ಸುಣ್ಣ ಹೆಚ್ಚಾದರೆ ಮನುಷ್ಯನ ನಾಲಗೆಯೇ ಸುಲಿದುಹೋಗುತ್ತದೆ, ಗೇಣುದ್ದದ ಜೀವದ ಪಾಡೇನು? ಅಷ್ಟೂ ಹೊಳೆಯದ ಮನುಷ್ಯ ಬ್ರೀಡರ್!

ಚಿನ್ನಿ ಮೇವು ಬಿಟ್ಟಿತು. ಬಾಯಂಚಿನ ಬಿಳಿ ಕಲೆ ಕಂಡು ಅಕ್ಕ ಅದನ್ನು ಡಾಕ್ಟರ ಹತ್ತಿರ ಒಯ್ದಳು. ಬಾಯಿ, ಗಂಟಲು ಎಲ್ಲ ಸುಟ್ಟಿದೆ, ಏನು ಹಾಕಿದಿರಿ ಎಂದು ಅವರು ಕೇಳಿದರೆ, ಜೊತೆಗೆ ಹೋಗಿದ್ದ ಭಾವ ತಲೆಯೆತ್ತಿ “ಕ್ಯಾಲ್ಸಿಯಂ” ಎಂದರಂತೆ. ಸುಣ್ಣದ ಸಂಗತಿ ಹೊರಬಿದ್ದದ್ದು ಆಗಲೇ. ಮನೆಗೆ ತಂದ ಮೇಲೆ ಅದು ಅಕ್ಕನ ಅಂಗೈಯಲ್ಲೇ ಸತ್ತಿತು. ತತ್ತಿಗಳು ಹೊಟ್ಟೆಯಲ್ಲೇ ಉಳಿದವು.

ಸುದ್ದಿ ಕೇಳಿ ನಾನು ಹೋದಾಗ ಅಕ್ಕ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

“ಅದರ ಆಯುಷ್ಯ ಅಷ್ಟ ಇತ್ತು,” ಅಂದರು ಭಾವ.

“ಎಲ್ಲಾರೂ ಸ್ನಾನಾ ಮಾಡ್ರಿ,” ಅಂದರು ಯಮುನಾಬಾಯಿ, ಬಾಯಲ್ಲಿ ಎಲೆ ಇಟ್ಟುಕೊಂಡೇ.

ಅಕ್ಕ ತಲೆಯೆತ್ತಿದಳು. “ಅತ್ಯಾ, ನಿಮ್ಮ ಸುಣ್ಣಾ ಯಾವುದ್ರಿಂದ ಮಾಡ್ತಾರ ಗೊತ್ತದನು? ನಾ ತರೋ ಅಂಗಡ್ಯಾಗ ಕಲ್ಲಿನ ಸುಣ್ಣಾ ಇಲ್ಲ. ಸಿಂಪಿ ಸುಟ್ಟು ಮಾಡಿದ್ದು. ಗೋವಾಕ್ಕ ಬಂದಾಗಿಂದ ನೀವು ತಿನ್ಲಿಕ್ಹತ್ತಿದ್ದು ಅದನ್ನ.”

ಯಮುನಾಬಾಯಿಯ ದವಡೆ ನಿಂತಿತು. “ಮೊದಲ ಯಾಕ ಹೇಳಲಿಲ್ಲ?”

“ಹೇಳಿದ್ರ ಎಲಿ-ಅಡಿಕಿ ಬಿಡ್ತೀರಿ, ಪಾಪ, ಅಂತ ಸುಮ್ಮನಿದ್ದೆ.”

ಅವರು ಉಗುಳಲಿಲ್ಲ. ಮಗನ ಮುಖ ನೋಡಿದರು. ಮಗ ಪುಣ್ಯಾತ್ಮ ಕೂಡಲೇ, “ಬೆಂಕ್ಯಾಗ ಸುಟ್ಟಮ್ಯಾಲೆ ಮೈಲಿಗಿ ಇರಂಗಿಲ್ಲವ್ವ,” ಅಂದರು. ದವಡೆ ಮತ್ತೆ ಆಡತೊಡಗಿತು. ಥೂ, ಇವರ ಮಡಿಗಿಷ್ಟು.

ತಾಯಿ ಮಗ ಸ್ನಾನ, ಜಪ ಎಂದು ಒಳಗೆ ಹೋದರು. ಅಕ್ಕ ಟವೆಲು ಹಿಡಿದು ಬಾಲ್ಕನಿಗೆ ಬಂದಳು. ಆ ಫ್ಲ್ಯಾಟಿನಲ್ಲಿ ಮಣ್ಣು ಅಂತ ಇದ್ದದ್ದು ಯಮುನಾಬಾಯಿಯ ತುಳಸಿ ಕುಂಡದಲ್ಲಿ ಮಾತ್ರ. ಅವಳು ಸೌಟಿನಿಂದ ಬುಡ ಬಿಟ್ಟು ಅಂಚಿನಲ್ಲಿ ಅಗೆದಳು. ಚಿನ್ನಿಯನ್ನು ಇಟ್ಟಳು. ಸಿಂಪಿ ಪುಡಿಯ ಡಬ್ಬಿ ಅಲ್ಲೇ ಮೂಲೆಯಲ್ಲಿತ್ತು. ಮುಚ್ಚಳ ತೆಗೆದು ಅಷ್ಟನ್ನೂ ಮೇಲೆ ಸುರಿದು ಮಣ್ಣು ಮುಚ್ಚಿದಳು. ಆಮೇಲೆ ಅತ್ತಳು.

ಗಂಡು ಗೆಕ್ಕೊವನ್ನು ನಾನು ನನ್ನ ಖೋಲಿಗೆ ತಂದುಕೊಂಡೆ. ಜೀರುಂಡೆಯನ್ನು ಕಟಕಟ ತಿನ್ನುತ್ತದೆ.

ಮೊನ್ನೆ ಹೋದಾಗ ತುಳಸಿ ಸೊಂಪಾಗಿ ಚಿಗುರಿತ್ತು. ಯಮುನಾಬಾಯಿ ಪ್ರದಕ್ಷಿಣೆ ಮುಗಿಸಿ ಬುಡದ ಮಣ್ಣನ್ನು ಹಣೆಗೆ ಹಚ್ಚಿಕೊಂಡರು. ಭಾವ ನನ್ನನ್ನು ಕರೆದು, “ನೋಡಿಲ್ಲೆ, ಆ ಹುಳದ ತೌಡು ಉಳಿದಿತ್ತು, ಇದಕ್ಕ ಹಾಕಿದೆ. ಸಾತ್ವಿಕ ಅಂದ್ರ ಏನು ಅಂತ ಈಗರ ತಿಳೀತೇನು?” ಅಂದರು.

“ಭಾಳ ಚಲೋ ಬಂದದ,” ಅಂದಳು ಅಕ್ಕ, ಮತ್ತು ಗಂಡನ ಅಂಗೈಗೆ ತೀರ್ಥಕ್ಕೆಂದು ಒಂದು ದಳ ಕಿತ್ತು ಕೊಟ್ಟಳು.