ಡೀಲಿಯಾಳ ಹಂಡೆ ಮತ್ತು ಮೂಗಿಲ್ಲದ ಅಬಕಾರಿಯವನು

ಬ್ಯೂಟ್ ಊರಿನ ತಾಮ್ರದ ಗಣಿ ಗಂಡನನ್ನು ನುಂಗಿದ ಮೇಲೆ ಡೀಲಿಯಾ ಟೂಮಿಗೆ ಉಳಿದದ್ದು ಒಂದು ದೊಡ್ಡ ಹಂಡೆ, ಒಂದು ಖಾಲಿ ಕೋಣೆ, ಯಾರಿಗೂ ಹೆದರದ ನಾಲಿಗೆ. ಹಂಡೆಯಲ್ಲಿ ಗಣಿಯವರ ಬಟ್ಟೆ ಬೇಯಿಸಿ ಒಗೆದು ಹೊಟ್ಟೆ ಹೊರೆದಳು. ಅಮೆರಿಕದಲ್ಲಿ ಯಾರೂ ಕುಡಿಯಕೂಡದೆಂದು ಸರ್ಕಾರ ಕಾನೂನು ತಂದಾಗ ಅದೇ ಹಂಡೆಗೆ ಮುಚ್ಚಳ, ಕೊಳವೆ ಹಾಕಿಸಿ ಜೋಳದ ಸಾರಾಯಿಯನ್ನೂ ಇಳಿಸತೊಡಗಿದಳು. ಸೀಸೆಗಳು ಇಸ್ತ್ರಿ ಮಾಡಿದ ಅಂಗಿಗಳ ಕೆಳಗೆ ಬುಟ್ಟಿಯಲ್ಲಿ ಕೂತು ಮನೆಮನೆಗೆ ಹೋಗುತ್ತಿದ್ದವು. ಪಾದ್ರಿ ಕಾನಿಫ್ ಅವರ ಬಿಳಿ ನಿಲುವಂಗಿಯಂತೂ ದಿನ ಬಿಟ್ಟು ದಿನ ಕೊಳೆಯಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಬಾಡಿಗೆ ಕೋಣೆ ಕೇಳಿಕೊಂಡು ಆರ್ವಿಡ್ ಲುಂಡ್ ಬಂದ. ಊರಿಗೆ ಹೊಸ ಅಬಕಾರಿ ಅಧಿಕಾರಿ. ಡೀಲಿಯಾ ಸರ್ರನೆ ಒಳಬಾಗಿಲು ಎಳೆದುಕೊಂಡಳು. ಒಳಗೆ ಕೊಳೆಹಾಕಿದ ಜೋಳದ ಹುಳಿನಾತ ಬೀದಿಯ ತುದಿಗೂ ಹೊಡೆಯುತ್ತಿತ್ತು. ಆತ ಮಾತ್ರ ನಡುಮನೆಯಲ್ಲಿ ನಿಂತು ಆಳವಾಗಿ ಉಸಿರೆಳೆದು, "ಎಷ್ಟು ಚೊಕ್ಕಟವಾಗಿ ಇಟ್ಕೊಂಡಿದೀರಿ ಅಮ್ಮಾವ್ರೆ!" ಎಂದ.

ಡೀಲಿಯಾಗೆ ಅನುಮಾನ ಬಂತು. ಮೇಜಿನ ಮೇಲೆ ಕೊಳೆತ ಮೊಟ್ಟೆಯೊಂದನ್ನು ಒಡೆದಿಟ್ಟು ಬೆನ್ನು ತಿರುಗಿಸಿದಳು. ಆತ ಅದರ ಪಕ್ಕದಲ್ಲೇ ಕೂತು ನೆಮ್ಮದಿಯಾಗಿ ಪತ್ರಿಕೆ ಓದಿದ. ಯುದ್ಧದಲ್ಲಿ ವಿಷದ ಹೊಗೆ ಕುಡಿದು ಅವನ ಮೂಗು ಸತ್ತೇ ಹೋಗಿತ್ತು. ಕೆಲಸ ಹೋದೀತೆಂದು ಯಾರಿಗೂ ಹೇಳಿರಲಿಲ್ಲ. ಡೀಲಿಯಾ ಅಲ್ಲೇ ಕೋಣೆಯ ಬೀಗದ ಕೈ ಕೊಟ್ಟಳು.

ಪಕ್ಕದ ಮನೆಯ ಪೆಗ್ ಹೌಹಾರಿದಳು. "ತಲೆ ನೆಟ್ಟಗಿದೆಯೇನೇ ನಿಂಗೆ? ಹಾವು ತಂದು ಮನೇಲಿ ಸಾಕ್ತೀಯಲ್ಲ!"

"ಹೋಗೇ, ಹಲ್ಲಿಲ್ಲದ ಹಾವು. ಅಬಕಾರಿಯವನಿರೋ ಮನೇಗೆ ಯಾರೇ ನುಗ್ತಾರೆ?"

ಯಾರೂ ನುಗ್ಗಲಿಲ್ಲ. ಆರ್ವಿಡ್ ಹಿಮ ಬೀಳುವ ಬೆಳಗುಗಳಲ್ಲಿ ಸೌದೆ ಒಡೆದು, ಕೊಳವೆ ಇರುವುದು ಹಬೆ ಹೋಗಲಿಕ್ಕೆ ಎಂಬ ಡೀಲಿಯಾಳ ಮಾತು ನಂಬಿ, "ಪಾಪ, ಎಷ್ಟು ಬಟ್ಟೆ ಬೇಯಿಸ್ತೀರಿ" ಎಂದು ತಾನೇ ಹಂಡೆಗೆ ಉರಿ ಹಾಕಿದ. ಆಮೇಲೆ ಹೋಗಿ ಚಾಡಿಕೋರರು ತೋರಿಸಿದ ಭಟ್ಟಿಗಳನ್ನು ಕೊಡಲಿಯಿಂದ ಒಡೆದ. ಅವನು ಒಡೆದಂತೆಲ್ಲ ಡೀಲಿಯಾಳ ಗಿರಾಕಿಗಳು ಹೆಚ್ಚಿದರು. ಕೃತಜ್ಞತೆಯಿಂದ ಅವನ ತಟ್ಟೆಗೆ ಎರಡು ತುಂಡು ಮಾಂಸ ಹೆಚ್ಚಿಗೆ ಹಾಕಿದಳು.

ವಸಂತಕ್ಕೆ ಅವನ ಮೇಲಧಿಕಾರಿ ಬೆನ್ನು ತಟ್ಟಲೆಂದು ಭಾನುವಾರದ ಊಟಕ್ಕೆ ಬಂದ. ಆ ಮನುಷ್ಯನಿಗೆ ಮೂಗಿತ್ತು. ಹೊಸ್ತಿಲು ದಾಟುವ ಮೊದಲೇ ಅದು ಅರಳಿತು, ನೆಟ್ಟಗೆ ಹಂಡೆಯ ಬಳಿಗೆ ಕರೆದೊಯ್ದಿತು.

ನ್ಯಾಯಾಲಯದಲ್ಲಿ ಡೀಲಿಯಾಳ ವಕೀಲ, "ಅದು ಬಟ್ಟೆ ಬೇಯಿಸುವ ಹಂಡೆ. ಇಂಥ ನಿಪುಣ ಅಧಿಕಾರಿ ಚಳಿಗಾಲವಿಡೀ ಆ ಮನೆಯಲ್ಲಿದ್ದರು. ಸಾರಾಯಿ ಇದ್ದಿದ್ದರೆ ವಾಸನೆ ಬರುತ್ತಿರಲಿಲ್ಲವೇ?" ಎಂದು ಆರ್ವಿಡ್‌ನನ್ನು ಕೇಳಿದ. ಬರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಇಬ್ಬರೂ ಬಚಾವು. ಆರ್ವಿಡ್ ಬೈಬಲ್ ಮೇಲಿಟ್ಟ ಕೈಯನ್ನೇ ನೋಡಿ, ಕಿವಿ ಕೆಂಪಗೆ ಮಾಡಿಕೊಂಡು, "ನನಗೆ ಯಾವ ವಾಸನೆಯೂ ಗೊತ್ತಾಗೋದಿಲ್ಲ ಸ್ವಾಮಿ. ಮೂಗು ಸತ್ತಿದೆ" ಎಂದ.

"ನಿನ್ನ ಸತ್ಯಕ್ಕೆ ಬೆಂಕಿ ಬೀಳ!" ಎಂದು ಡೀಲಿಯಾ ಕೂತಲ್ಲಿಂದಲೇ ಕೂಗಿದಳು.

ಹಂಡೆ ಜಪ್ತಿಯಾಯಿತು, ಅವಳಿಗೆ ಜೈಲಾಯಿತು, ಅವನ ಕೆಲಸ ಹೋಯಿತು. ತೀರ್ಪು ಕೊಟ್ಟ ನ್ಯಾಯಾಧೀಶರು ಆ ಸಂಜೆ ಏನು ಕುಡಿದರೋ ಗೊತ್ತಿಲ್ಲ. ಅವರೂ ಡೀಲಿಯಾಳ ಬಳಿಯೇ ಬಟ್ಟೆ ಒಗೆಸುತ್ತಿದ್ದವರು.

ಬಿಡುಗಡೆಯಾಗಿ ಬಂದಾಗ ಹಿತ್ತಲ ತುಂಬ ಅಂಗಿಗಳು ಒಣಗುತ್ತಿದ್ದವು, ಒಂದೂ ಬಿಡದೆ ನೀಲಿ. ಆರ್ವಿಡ್ ಮೊಣಕೈವರೆಗೆ ನೊರೆ ಮೆತ್ತಿಕೊಂಡು ನಿಂತಿದ್ದ. "ಗಿರಾಕಿಗಳು ಕೈತಪ್ಪಿ ಹೋಗ್ಬಾರ್ದು ಅಂತ ನಾನೇ ಒಗ್ದೆ. ನೀಲಿ ಸ್ವಲ್ಪ ಜಾಸ್ತಿ ಆಯ್ತೇನೋ."

ಬೈಯಲೆಂದೇ ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದ ಡೀಲಿಯಾ ಮೆಟ್ಟಿಲ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾದ್ರಿ ಕಾನಿಫ್‌ಗೆ ನೀಲಿ ನಿಲುವಂಗಿ!

ಮುಂದಿನ ವರ್ಷ ಅವನನ್ನೇ ಮದುವೆಯಾದಳು. ಹೊಸ ಹಂಡೆಯೂ ಬಂತು. ಒಂದೇ ತಾಪತ್ರಯ: ಕೇಳಿದರೆ ಆರ್ವಿಡ್ ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೆ ಬೀದಿಯಲ್ಲಿ ಅಪರಿಚಿತ ಟೊಪ್ಪಿಗೆ ಕಂಡರೆ ಸಾಕು, "ರೀ, ಇಗರ್ಜಿಗೆ ಹೋಗಿ ಮಂಡಿಯೂರಿ, ಬೇಗ!" ಎಂದು ಹಿಂಬಾಗಿಲಿಂದ ಓಡಿಸುತ್ತಿದ್ದಳು. ಅವನ ಭಕ್ತಿ ಕಂಡು ಊರೇ ಬೆರಗಾಯಿತು.

ಕೊನೆಗೆ ಸರ್ಕಾರವೇ ಸೋತು ಕಾನೂನನ್ನು ಹಿಂತೆಗೆದುಕೊಂಡ ದಿನ ಊರಿಗೆ ಊರೇ ಬೀದಿಗಿಳಿದು ಕುಣಿಯಿತು. ಡೀಲಿಯಾ ಮಾತ್ರ ಒಲೆಯ ಮುಂದೆ ಮುಖ ಊದಿಸಿ ಕೂತಿದ್ದಳು.

"ಯಾಕೆ ಡೀಲಿಯಾ, ಖುಷಿ ಇಲ್ವಾ?" ಎಂದ ಆರ್ವಿಡ್.

"ಏನು ಖುಷಿ? ಹಾಳಾದವರು, ಇನ್ಮೇಲೆ ಬರೀ ಬಟ್ಟೆ ಒಗೀಬೇಕಲ್ರೀ!"