ಒಡೆದ ಹಾಲಿನ ಕಾಫಿ

ನಾನು ಮೈಸೂರಿನವಳು. ಕಾಫಿಗೆ ಹಾಲು, ಸಕ್ಕರೆ ಬಿಟ್ಟು ಬೇರೇನಾದರೂ ಹಾಕಿದರೆ ನನಗೆ ಸಿಟ್ಟು ಬರುತ್ತಿತ್ತು. ವಿಜಯಪುರದ ಕಡೆಯ ನಮ್ಮತ್ತೆ ಹೈದರಾಬಾದಿನ ಮಣಿಕೊಂಡದಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದವರೇ ಕಾಫಿಗೆ ಒಣಶುಂಠಿ, ಮೆಣಸು, ಬೆಲ್ಲ ಹಾಕತೊಡಗಿದರು. "ಇದು ಕಾಫಿಯಲ್ಲ, ಕಷಾಯ" ಎಂದು ಅವರೆದುರಿಗೇ ಹೇಳಿದ್ದೆ. ಅವರು ನಕ್ಕು ನನಗೆ ಬೇರೆ ಕಾಫಿ ಮಾಡಿಕೊಡುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆ ನೆಗಡಿ, ಜ್ವರದಿಂದ ಏಳಲೇ ಇಲ್ಲ. ಅವರ ಕಾಫಿಯನ್ನು ನಾನೇ ಮಾಡಲು ಹೋದೆ. ಶುಂಠಿ, ಮೆಣಸು ಕುಟ್ಟಿ ಹಾಕಿ, ಕುದಿಯುವ ಹಾಲಿಗೇ ಬೆಲ್ಲವನ್ನೂ ಹಾಕಿಬಿಟ್ಟೆ. ಹಾಲು ಒಡೆಯಿತು. ಮನೆಯಲ್ಲಿ ಬೇರೆ ಹಾಲಿರಲಿಲ್ಲ. ಅದನ್ನೇ ಸೋಸಿ, ತಲೆ ತಗ್ಗಿಸಿಕೊಂಡು ಲೋಟ ಕೊಟ್ಟೆ. ಅವರು ಕೊನೆಯ ಗುಟುಕಿನವರೆಗೂ ಕುಡಿದರು. "ಖಾರ ಛಲೋ ಬಿದ್ದೈತಿ ನೋಡವ್ವಾ, ಗಂಟಲಿಗೆ ಹಿತ ಆತು" ಎಂದರು.

ಮೂರು ದಿನದ ಮೇಲೆ ಎದ್ದು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಾಫಿ ಮಾಡಿದರು. ಹಾಲು ಕುದಿದ ಮೇಲೆ ಮೊದಲು ಒಲೆ ಆರಿಸಿದರು. ನಾನು ಗಮನಿಸಲೆಂದೇ ಕುದಿ ಪೂರ್ತಿ ಇಳಿಯುವವರೆಗೆ ಕಾದರು. ಆಮೇಲೆ ಬೆಲ್ಲ ಹಾಕಿದರು. ಒಡೆದ ಹಾಲಿನ ಮಾತನ್ನು ಅವತ್ತೂ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ. ನನಗೆ ಬೇರೆ ಕಾಫಿ ಮಾಡಲು ಹೊರಟವರನ್ನು ತಡೆದು, ನನ್ನ ಲೋಟವನ್ನೂ ಅದೇ ಪಾತ್ರೆಯ ಮುಂದೆ ಹಿಡಿದೆ.