ಹೊಳೆ ದಾಟಿದ ಹುಡುಗಿ

ಕಳೆದ ವಾರ ಜುನಾ ಬಜಾರಿನ ಹಳೆ ಪುಸ್ತಕದಂಗಡಿಯಲ್ಲಿ ರಟ್ಟು ಕಳಚಿದ ಒಂದು ಮರಾಠಿ ಕಾದಂಬರಿಯನ್ನು ಬಿಡಿಸಿದೆ. ಮೂಗಿಗೆ ಬಜೆಯ ವಾಸನೆ ಬಡಿಯಿತು. ಹುಳ ಹಿಡಿಯದಂತೆ ಪುಸ್ತಕದ ನಡುವೆ ಬಜೆಬೇರಿನ ಚೂರು ಇಡುತ್ತಿದ್ದವರು ಹಲವು ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ ಒಬ್ಬರೇ. ಮಹಡಿ ಮೇಲಿನ ಕಾಕು, ವಾಡೆಗೆಲ್ಲ ಚಿಕ್ಕಮ್ಮ.

ಧಾರವಾಡದ ಕಡೆಯವರು, ಗಂಡ ಈ ಮರಾಠಿ ಊರಿನಲ್ಲಿ ಕಾರಕೂನ. ಬಾಯಿ ಭಾಳ ಜೋರು. ಬಾವಿಕಟ್ಟೆಯಲ್ಲಿ ಅವರೊಡನೆ ಜಗಳಕ್ಕೆ ನಿಂತು ಗೆದ್ದವರಿಲ್ಲ. ಆದರೆ ಮಧ್ಯಾಹ್ನ ಹೆಂಗಸರು ಹೂಬತ್ತಿ ಹೊಸೆಯಲು ಕುಳಿತಾಗ ಅದೇ ಬಾಯಿ ಕಾದಂಬರಿ ಓದುವುದನ್ನು ಕೇಳಬೇಕು... ನಾನಿನ್ನೂ ಅಕ್ಷರ ಕಲಿಯದವಳು. ಪಕ್ಕದಲ್ಲಿ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು, ಬೋಳಿಸಿದ ತಲೆಗೆ ಕೆಂಪು ಸೆರಗು ಹೊದ್ದು ತವರಿಗೆ ಬಂದಿದ್ದಳು. ಮಾತೇ ಇರಲಿಲ್ಲ. ಅವಳು ಬಾವಿಯ ಕಡೆ ಹೊರಟರೆ ಸಾಕು, ಅವ್ವ ಹಿಂದೆಯೇ ಓಡುತ್ತಿದ್ದಳು.

ಹಾಗೆ ಕೇಳಿದ ಒಂದು ಕಾದಂಬರಿಯ ಹುಡುಗಿಯೂ ಅಂಥವಳೇ. ಅತ್ತೆ ಕನ್ನಡಿ ಕಸಿದುಕೊಂಡಿದ್ದಕ್ಕೆ ಹಂಡೆಯ ನೀರಿನಲ್ಲಿ ಕದ್ದು ಮುಖ ನೋಡಿಕೊಳ್ಳುತ್ತಿದ್ದಳು. "ಒಂದಿನಾ ಹೊಳೀ ದಂಡಿಗೆ ಬಂದು ನಿಂತ್ಲು" ಎಂದ ಕಾಕು ತಟ್ಟನೆ ನಿಲ್ಲಿಸಿದರು. ಅಕ್ಕನ ಮುಖ ನೋಡಿದರು. ಎದ್ದು ಹೋಗಿ ನೀರು ಕುಡಿದು ಬಂದರು.

"ಮುಂದ ಏನಾತ್ರಿ, ಕಾಕು?" ಎಂದಳು ಅಕ್ಕ. ಎಷ್ಟೋ ತಿಂಗಳ ಮೇಲೆ ಅವಳಾಗಿ ಆಡಿದ ಮೊದಲ ಮಾತು ಅದು.

"ಮುಂದೇನವ್ವಾ... ದೋಣ್ಯಾಗ ಕೂತು ಹೊಳಿ ದಾಟಿದ್ಲು. ಆಚೀ ದಂಡ್ಯಾಗ ಹೆಣ್ಣಮಕ್ಕಳ ಸಾಲಿ ಇತ್ತು. ಕಲತು, ಅಲ್ಲೇ ಕಲಿಸೋಕಿ ಆದ್ಲು ನೋಡು."

ಅಂದಿನಿಂದ ಅಕ್ಕ ಶಾಲೆಯ ಹಟ ಹಿಡಿದಳು. ಅಪ್ಪ ಒಪ್ಪದಿದ್ದಾಗ ಕಾಕು ಮಹಡಿ ಇಳಿದು ಬಂದು, ಬಾವಿಕಟ್ಟೆಯ ಬಾಯನ್ನು ಅಪ್ಪನೆದುರೂ ತೋರಿಸಿದರು. ಅಕ್ಕ ಓದಿದಳು, ಈಗ ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಕಾಕು ಮಾತ್ರ, ಮನೆಮನೆಯಲ್ಲೂ ಹೆಣ ಬಿದ್ದ ಆ ಜ್ವರದ ವರ್ಷ ಹೋಗಿಬಿಟ್ಟರು...

"ಆ ಪುಸ್ತಕಾ ಹುಡುಕಿ ಕೊಡಽ, ನಮ್ಮ ಹುಡಿಗ್ಯಾರಿಗೆ ಓದಿ ಹೇಳ್ತೀನಿ" ಎಂದು ಅಕ್ಕ ಗಂಟು ಬಿದ್ದಿದ್ದಳು. ಹೆಸರು ಇಬ್ಬರಿಗೂ ನೆನಪಿಲ್ಲ. ಕೇಳಿದ್ದು ಕನ್ನಡದಲ್ಲಿ, ಹಾಗಾಗಿ ಕನ್ನಡ ಪುಸ್ತಕವೆಂದೇ ಧಾರವಾಡ, ಬೆಳಗಾವಿಯ ಅಂಗಡಿಗಳಿಗೆಲ್ಲ ಬರೆದೆ. ಅಂಥದೊಂದು ಇಲ್ಲವೇ ಇಲ್ಲ ಎಂದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ! ಕಾಕು ಮರಾಠಿ ಪುಟದ ಮೇಲೆ ಕಣ್ಣಿಟ್ಟು ಬಾಯಲ್ಲಿ ಕನ್ನಡ ಹೇಳುತ್ತಿದ್ದರೆಂದು ನಮಗೇನು ಗೊತ್ತು?

ಅಂಗಡಿಯಲ್ಲಿ ನಿಂತೇ ಪುಟ ತಿರುವಿದೆ. ಅದೇ ಹುಡುಗಿ, ಅದೇ ಹಂಡೆ. ಕೊನೆಗೆ ಹೊಳೆಯೂ ಬಂತು. ದೋಣಿ ಇರಲಿಲ್ಲ. ಶಾಲೆಯೂ ಇರಲಿಲ್ಲ. ಮರುದಿನ ಬೆಸ್ತರು ಅವಳನ್ನು ನೀರಿನಿಂದ ಮೇಲೆತ್ತಿದರೆಂದು ಬರೆದಿತ್ತು. ಅಷ್ಟು ಜನರ ನಡುವೆ ನನಗೆ ಅಳು ತಡೆಯಲಾಗಲಿಲ್ಲ. ಕಾಕು ಬದುಕಿದ್ದರೆ ಓಡಿಹೋಗಿ ಅವರ ಕಾಲು ಹಿಡಿಯುತ್ತಿದ್ದೆ.

ಪುಸ್ತಕವನ್ನು ಅಲ್ಲೇ ಇಟ್ಟು ಬಂದೆ. ಸಂಜೆ ಅಕ್ಕ ಎಂದಿನಂತೆ, "ಸಿಕ್ಕಿತೇನಽ?" ಎಂದಳು.

"ಇಲ್ಲಽ ಅಕ್ಕಾ" ಎಂದೆ. "ನೀನಽ ಹೇಳು ಹುಡಿಗ್ಯಾರಿಗೆ. ಕಾಕು ಹೇಳಿದಂಗಽ ಹೇಳು."